ಹೋ ವೇ ಎಂಬ ದಡ್ಡ ಗೆಳೆಯ

ಅಮೆರಿಕದ ಪೀಸ್ ಕೋರ್ ಸಂಸ್ಥೆ ಚೀನಾಕ್ಕೆ ಸ್ವಯಂಸೇವಕ ಶಿಕ್ಷಕರನ್ನು ಕಳಿಸಲು ಶುರುಮಾಡಿದ್ದು 1993ರಲ್ಲಿ. ಮಾವೋ ಕಾಲದ ಪ್ರಚಾರದಿಂದಾಗಿ ಆ ಸಂಸ್ಥೆಯ ಹೆಸರು ಅಲ್ಲಿ ಕೆಟ್ಟುಹೋಗಿತ್ತು. ಹಾಗಾಗಿ ಚೀನೀ ಭಾಷೆಯಲ್ಲಿ ಅವರನ್ನು 'ಅಮೆರಿಕ-ಚೀನಾ ಸ್ನೇಹ ಸ್ವಯಂಸೇವಕರು' ಎಂದು ಕರೆದರು. ಪೀಟರ್ ಹೆಸ್ಲರ್ ಅವರ 'ರಿವರ್ ಟೌನ್' (2001) ಓದುವಾಗ ನನಗೆ ಈ ಹೆಸರು ಮತ್ತೆ ಮತ್ತೆ ನೆನಪಾಗುತ್ತಿತ್ತು. ಸ್ನೇಹವನ್ನು ಹುದ್ದೆಯ ಹೆಸರಲ್ಲೇ ಹೊತ್ತು ಬಂದವರಿಗೆ ನಿಜವಾದ ಸ್ನೇಹ ಸಿಕ್ಕಿದ್ದು ಎಲ್ಲಿ?

1996ರಲ್ಲಿ, 27ನೇ ವಯಸ್ಸಿನಲ್ಲಿ, ಹೆಸ್ಲರ್ ದೋಣಿಯಲ್ಲಿ ಫುಲಿಂಗ್ ಊರಿಗೆ ಬಂದಿಳಿಯುತ್ತಾರೆ. ಯಾಂಗ್ತ್ಸೆ ಮತ್ತು ವು ನದಿಗಳು ಕೂಡುವಲ್ಲಿ ಬೆಟ್ಟಕ್ಕೆ ಅಂಟಿಕೊಂಡಿರುವ, ಆಗಿನ್ನೂ ರೈಲು ಕಾಣದ ಊರು. ಜೊತೆಗೆ ಆಡಮ್ ಮೈಯರ್ ಎಂಬ ಇನ್ನೊಬ್ಬ ಸ್ವಯಂಸೇವಕ. ಇಬ್ಬರೂ ಅಲ್ಲಿನ ಶಿಕ್ಷಕರ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿಸಿದರು. ಎದುರಿಗೆ ಕೂತವರಲ್ಲಿ ಬಹುಪಾಲು ರೈತರ ಮಕ್ಕಳು. ಓದು ಮುಗಿಸಿ ಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟರಾಗಬೇಕಾದವರು.

ಇಂಥ ಪುಸ್ತಕಗಳ ಅಚ್ಚು ನಮಗೆಲ್ಲ ಗೊತ್ತು. ದೂರದ ದೇಶಕ್ಕೆ ಹೋದೆ, ಬಡಮಕ್ಕಳಿಗೆ ಕಲಿಸಿದೆ, ಹೊರಡುವಾಗ ಅವರು ಅತ್ತರು, ನನ್ನ ಬದುಕಿಗೆ ಅರ್ಥ ಸಿಕ್ಕಿತು. ನಾನೂ ಅದನ್ನೇ ನಿರೀಕ್ಷಿಸಿ, ಸ್ವಲ್ಪ ಅಸಡ್ಡೆಯಿಂದಲೇ ಓದಲು ಕೂತೆ. ಆದರೆ ಹೆಸ್ಲರ್ ತಾವು ಕೊಟ್ಟದ್ದರ ಲೆಕ್ಕ ಬರೆಯಲು ಹೋಗುವುದಿಲ್ಲ. ತಮಗೆ ಗೊತ್ತಿಲ್ಲದ್ದು ಏನೇನು ಎಂಬುದರ ಲೆಕ್ಕ ಇಡುತ್ತಾರೆ. ಪುಸ್ತಕದ ಜೀವ ಇರುವುದು ಅಲ್ಲಿ.

ಒಂದು ಪ್ರಸಂಗ ನೋಡಿ. ಷೇಕ್ಸ್‌ಪಿಯರನ ಹದಿನೆಂಟನೆಯ ಸಾನೆಟ್ ಪಾಠ. ಆ ಕವಿತೆಯ ಚೆಲುವೆ ಹೇಗಿದ್ದಾಳೆ, ಬರೆಯಿರಿ ಎಂದು ಮೇಷ್ಟರು ಕೇಳುತ್ತಾರೆ. ಅವರು ಬರೆದುಕೊಟ್ಟ ಚೆಲುವೆ ಇಂಗ್ಲೆಂಡಿನವಳಲ್ಲ. ಚೀನೀ ಪ್ರಾಚೀನ ಕಾವ್ಯದಿಂದ ಎದ್ದುಬಂದವಳು. ದು ಫು, ಲಿ ಬಾಯ್ ಅವರ ಪದ್ಯಗಳನ್ನು ಬಾಯಿಪಾಠ ಹೇಳಬಲ್ಲ ಈ ಹುಡುಗರಿಗೆ ಕಾವ್ಯವೆಂದರೆ ಏನೆಂದು ತಾನು ಕಲಿಸಬೇಕಿಲ್ಲ ಎಂಬುದು ಹೆಸ್ಲರ್‌ಗೆ ಹೊಳೆಯುತ್ತದೆ. ತಾವು ವಿಶ್ವವಿದ್ಯಾಲಯಗಳಲ್ಲಿ ಸಿದ್ಧಾಂತಗಳ ಕೆಳಗೆ ಕಳೆದುಕೊಂಡಿದ್ದ ಕಾವ್ಯದ ಸುಖವನ್ನು ಅವರ ಮೂಲಕವೇ ಮರಳಿ ಪಡೆಯುತ್ತಾರೆ.

ಆದರೂ ತರಗತಿಯಲ್ಲಿ ಅವರು ಮೇಷ್ಟರೇ. ಗೆಳೆತನ ಹುಟ್ಟುವುದು ತರಗತಿಯ ಹೊರಗೆ, ಅವರ ಚೀನೀ ಭಾಷೆ ತೊದಲುವ ಜಾಗಗಳಲ್ಲಿ. ಅವರ ಚೀನೀ ಹೆಸರು ಹೋ ವೇ. ಹೆಸ್ಲರ್ ಹೇಳುವಂತೆ ಈ ಹೋ ವೇ ಬೇರೆಯೇ ಮನುಷ್ಯ. ಮಾತು ಬಾರದ, ತುಸು ದಡ್ಡ, ಆದರೆ ಯಾರೊಂದಿಗೂ ಕೂತು ಹರಟಬಲ್ಲವನು. ಕಾಲೇಜಿನ ಪಕ್ಕದ ನೂಡಲ್ಸ್ ಅಂಗಡಿಯವರಿಗೆ ಪರಿಚಯವಾದದ್ದು ಅವನು. ಬೀದಿಯಲ್ಲಿ ನಗೆಪಾಟಲಾದವನೂ ಅವನೇ. ಪಾಠ ಹೇಳುತ್ತಿದ್ದ ಚೀನೀ ಶಿಕ್ಷಕಿ 'ತಪ್ಪು, ತಪ್ಪು' ಎಂದು ತಿದ್ದುವಾಗ ಒಳಗೊಳಗೇ ಕುದಿದವನೂ ಅವನೇ. ಅಫೀಮು ಯುದ್ಧದ ವಿಷಯಕ್ಕೆ ಅವರಿಬ್ಬರ ನಡುವೆ ಮನಸ್ತಾಪವೇ ಆಗುತ್ತದೆ. ಆಮೇಲೆ ನಿಧಾನವಾಗಿ ಪರಸ್ಪರ ಗೌರವ ಬೆಳೆಯುತ್ತದೆ. ಸ್ನೇಹದ ಹೆಸರು ಹೊತ್ತು ಬಂದವರು ಜಗಳವನ್ನು ದಾಟಿ ಸ್ನೇಹಕ್ಕೆ ಬರುವ ಈ ಪುಟಗಳು ನನಗೆ ಪುಸ್ತಕದ ಅತ್ಯುತ್ತಮ ಭಾಗ.

ಮೂರು ಕಣಿವೆಗಳ ಅಣೆಕಟ್ಟಿನ ಅಧ್ಯಾಯವೂ ಹೀಗೆಯೇ. ಫುಲಿಂಗ್‌ನ ತಗ್ಗಿನ ಭಾಗ ನೀರಿನಡಿ ಹೋಗಲಿದೆ. ಚಳಿಗಾಲದಲ್ಲಿ ಯಾಂಗ್ತ್ಸೆ ಇಳಿದಾಗ ಕಾಣುವ ಬೈಹೆಲಿಯಾಂಗ್ ಬಂಡೆಯ ಶಾಸನಗಳೂ ಹೋಗಲಿವೆ. ಅವುಗಳಲ್ಲಿ ಹಳೆಯದು ಕ್ರಿ.ಶ. 763ರದು. ಊರವರಿಗೆ ಸಿಟ್ಟು ಬಂದಿರಬೇಕೆಂದು ಹೆಸ್ಲರ್ ಹುಡುಕುತ್ತಾರೆ, ಅದು ಕಾಣುವುದಿಲ್ಲ. ಶರಾವತಿಯ ಮುಳುಗಡೆಯ ಕಥೆಗಳನ್ನು ಓದಿ ಬೆಳೆದ ನನಗೂ ಆ ಮೌನ ಕಸಿವಿಸಿ ತಂದಿತು. ಅವರು ತೀರ್ಪು ಕೊಡುವ ಬದಲು ಜನರ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.

ನನ್ನ ತಕರಾರು ಇರುವುದು ಬೇರೆ ಕಡೆ. ಹೋ ವೇ ಗೆಳೆತನ ಮಾಡುತ್ತಾನೆ, ರಾತ್ರಿ ಹೆಸ್ಲರ್ ಅದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾರೆ. ಇದನ್ನು ಅವರೇ ಒಪ್ಪಿಕೊಂಡಿದ್ದಾರೆ, ನಿಜ. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಋಣ ತೀರುತ್ತದೆಯೇ? ಎರಡನೆಯ ವರ್ಷದ ಕೊನೆಗೆ ಅವರು, ಆಡಮ್ ಬೀದಿಯಲ್ಲಿ ವಿಡಿಯೋ ಚಿತ್ರೀಕರಿಸುತ್ತಿದ್ದಾಗ ಗುಂಪೊಂದು ಮುತ್ತಿಗೆ ಹಾಕುತ್ತದೆ. ಆ ಸಿಟ್ಟಿನಲ್ಲಿ ವಿದೇಶಿಯರ ಬಗೆಗಿನ ಅನುಮಾನದ ಜೊತೆಗೆ, ನಮ್ಮನ್ನು ಹೀಗೆ ನೋಡಲು ನೀನ್ಯಾರು ಎಂಬ ಪ್ರಶ್ನೆಯೂ ಇತ್ತೆಂದು ನನಗನ್ನಿಸುತ್ತದೆ. ಪುಸ್ತಕ ಅದರ ಮುಂದೆ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. 1998ರ ಬೇಸಿಗೆಯಲ್ಲಿ ಹೆಸ್ಲರ್ ಊರು ಬಿಟ್ಟರು. ಹಾಗೆ ಹೊರಟುಹೋಗುವ ಸ್ವಾತಂತ್ರ್ಯ ಅವರ ವಿದ್ಯಾರ್ಥಿಗಳಿಗೆ ಇರಲಿಲ್ಲ.

ಉತ್ತರದಂಥದ್ದು ಬಂದದ್ದು ಬಹಳ ವರ್ಷಗಳ ಮೇಲೆ. 2019ರಲ್ಲಿ ಅವರು ಮತ್ತೆ ಕಲಿಸಲು ಸಿಚುವಾನ್‌ಗೆ ಹೋದರು. 2024ರಲ್ಲಿ ಬಂದ 'ಅದರ್ ರಿವರ್ಸ್' ಪುಸ್ತಕದಲ್ಲಿ ಫುಲಿಂಗ್‌ನ ಹಳೆಯ ವಿದ್ಯಾರ್ಥಿಗಳು ನಡುವಯಸ್ಸಿನವರಾಗಿ ಕಾಣಿಸಿಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನ ಈಗ ಮೇಷ್ಟರು. ಪತ್ರವ್ಯವಹಾರ ಇಷ್ಟು ವರ್ಷವೂ ನಿಂತಿರಲಿಲ್ಲ. ಎರಡು ವರ್ಷದ ಸೇವೆ ಸ್ನೇಹವಾಗಿತ್ತೋ ಇಲ್ಲವೋ ಎಂಬುದನ್ನು ಆ ಇಪ್ಪತ್ತು ವರ್ಷಗಳೇ ಹೇಳಬೇಕಿತ್ತೇನೋ.

ನಾನಿದನ್ನು ಇಷ್ಟು ಹಚ್ಚಿಕೊಳ್ಳಲು ಕಾರಣವಿದೆ. ಮಂಡ್ಯ ಕಡೆಯವನಾದ ನಾನು ಕೊಪ್ಪಳ ಜಿಲ್ಲೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇದು ವಿದೇಶವಲ್ಲ, ನಾನು ಸ್ವಯಂಸೇವಕನೂ ಅಲ್ಲ, ಸಂಬಳ ಬರುತ್ತದೆ. ಆದರೂ ಮೊದಲ ವರ್ಷ ನಾನು ಪರಕೀಯನ ಹಾಗೇ ಇದ್ದೆ. ಅದೇ ಸಾನೆಟ್ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ, ಬ್ಯಾಸಗಿಗಿ ಹೋಲಿಸಿದ್ರ ಆಕಿ ಸಿಟ್ಟಾಗೂದಿಲ್ಲೇನ್ರಿ?" ಎಂದು ಕೇಳಿದ್ದ. ತರಗತಿ ನಕ್ಕಿತು. ಇಂಗ್ಲೆಂಡಿನ ಬೇಸಿಗೆ ಬೇರೆ ಕಣಪ್ಪಾ ಎಂದು ಎರಡು ನಿಮಿಷ ವಿವರಿಸಿ ಮುಂದೆ ಹೋದೆ. ಇಡೀ ವರ್ಷ ನನ್ನ ತರಗತಿಯಲ್ಲಿ ಯಾರಾದರೂ ಆ ಕವಿತೆಯನ್ನು ನಿಜಕ್ಕೂ ಓದಿದ್ದರೆ, ಅದು ಆ ಹುಡುಗ. ನನಗದು ತಿಳಿದದ್ದು ಫುಲಿಂಗ್‌ನ ಮಕ್ಕಳ ಬಗ್ಗೆ ಓದಿದ ಮೇಲೆ.

ಈ ವರ್ಷ ಪಾಠಕ್ಕೆ ಮುಂಚೆಯೇ ಕೇಳಿದೆ: ನೀವಾಗಿದ್ದರೆ ಆಕೆಯನ್ನು ಯಾವ ದಿನಕ್ಕೆ ಹೋಲಿಸುತ್ತಿದ್ದಿರಿ? ಸ್ವಲ್ಪ ಹೊತ್ತು ಯಾರೂ ಬಾಯಿಬಿಡಲಿಲ್ಲ. ಆಮೇಲೆ ಒಬ್ಬಳು, ರೋಹಿಣಿ ಮಳೆಯಾದ ಮರುದಿನಕ್ಕೆ ಎಂದಳು. ಇನ್ನೊಬ್ಬ, ಎಳ್ಳಮವಾಸಿಗೆ, ಹೊಲದಾಗ ಊಟಕ್ಕ ಕೂತಾಗ ಎಂದ. ನಮ್ಮ ಕಡೆ ಆ ಹಬ್ಬ ಇಲ್ಲವೆಂದು ಹೇಳಿದೆ. ಅದು ಹೇಗೆ ನಡೆಯುತ್ತದೆಂದು ಅವರು ನನಗೆ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು.