ಸಾಲದ ಪ್ರಶ್ನೆಗೆ ಸಾಹುಕಾರನ ಉತ್ತರ

ಟೆಕ್ಸಾಸಿನ ಕೋಟ್ಯಧೀಶ ರಾಸ್ ಪೆರೋ 1992ರ ಅಕ್ಟೋಬರಿನಲ್ಲಿ ಬುಷ್, ಕ್ಲಿಂಟನ್ ಜೊತೆ ನಡೆಸಿದ ಮೂರು ಚುನಾವಣಾ ಚರ್ಚೆಗಳನ್ನು ಈಚೆಗೆ ನೋಡಿದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆತನ ಮಾತಿಗೆ ನಾನೂ ನಕ್ಕೆ. ನಿನಗೆ ಸರಕಾರದ ಅನುಭವವಿಲ್ಲವಲ್ಲ ಅಂದರೆ, ನಾಲ್ಕು ಲಕ್ಷ ಕೋಟಿ ಡಾಲರ್ ಸಾಲ ಮಾಡಿದ ಅನುಭವವಂತೂ ಇಲ್ಲ ಅಂತಾನೆ. ಸಂತೆಯಲ್ಲಿ ನಿಂತವನ ಧಾಟಿ. ವೃತ್ತಿ ರಾಜಕಾರಣಿಗಳ ಒಣಭಾಷೆಯ ಎದುರು ಅದು ಗೆಲ್ಲುತ್ತದೆ.

ಆದರೆ ಮಾತಿನ ಸೊಗಸನ್ನಷ್ಟೇ ತೂಗುವ ವಿಮರ್ಶೆ ನಮಗೆ ಸಾಲದು. ಯಾರೆದುರು ಆಡಿದ ಮಾತು ಎಂಬುದನ್ನೂ ಕೇಳಬೇಕು. 15ನೇ ತಾರೀಕಿನ ಎರಡನೆಯ ಚರ್ಚೆ ನಡೆದದ್ದು ರಿಚ್ಮಂಡಿನಲ್ಲಿ. ಅಂತರ್ಯುದ್ಧದಲ್ಲಿ ಗುಲಾಮಗಿರಿಗಾಗಿ ಹೋರಾಡಿದ ರಾಜ್ಯಗಳ ರಾಜಧಾನಿಯಾಗಿದ್ದ ಊರು ಅದು. ಚರ್ಚೆ ನಡೆಸಿಕೊಟ್ಟಾಕೆ ಕರಿಯ ಪತ್ರಕರ್ತೆ ಕ್ಯಾರೋಲ್ ಸಿಂಪ್ಸನ್. ಸಭೆಯಿಂದ ಒಬ್ಬ ಕರಿಯ ಹೆಣ್ಣುಮಗಳು ಎದ್ದು, ದೇಶದ ಸಾಲ ನಿಮ್ಮ ನಿಮ್ಮ ಬದುಕಿಗೆ ಹೇಗೆ ತಟ್ಟಿದೆ, ತಟ್ಟದಿದ್ದರೆ ನಮ್ಮ ಕಷ್ಟಕ್ಕೆ ಹೇಗೆ ಮದ್ದು ಹುಡುಕುತ್ತೀರಿ ಎಂದು ಕೇಳಿದಳು. ಬುಷ್ ತಡವರಿಸಿದ, ಕ್ಲಿಂಟನ್ ಆಕೆಯ ಹತ್ತಿರಕ್ಕೇ ನಡೆದುಹೋದ. ಜನ ನೆನೆಯುವುದು ಇವೆರಡನ್ನೇ. ಅವರಿಗಿಂತ ಮೊದಲು ಉತ್ತರಿಸಿದವನು ಪೆರೋ. ಈ ಸಾಲದಿಂದಾಗಿ ನನ್ನ ಖಾಸಗಿ ಬದುಕು, ವ್ಯಾಪಾರ ಕೆಡಿಸಿಕೊಂಡು ಇಲ್ಲಿಗೆ ಬರಬೇಕಾಯಿತು ಎಂದ.

ನಾನು ತಡೆದು ನಿಂತದ್ದು ಇಲ್ಲೇ. ನಮ್ಮ ಕೇರಿಯಲ್ಲಿ ಸಾಲ ಅಂದರೆ ಅಂಕಿಯಲ್ಲ. ನನ್ನ ತಾತ ಸಾಲಕ್ಕೆ ಜೀತವಿದ್ದವನು. ಪೆರೋನ ಉತ್ತರದಲ್ಲಿ ಸಾಲ ಬಾಧೆಯೇ ಅಲ್ಲ, ತ್ಯಾಗಕ್ಕೊಂದು ನೆಪ. ಕೇಳಿದವಳ ನೋವು ಹೇಳಿದವನ ಔದಾರ್ಯವಾಗಿಬಿಟ್ಟಿತು.

ಇದನ್ನು ಬಾಯಿತಪ್ಪು ಎನ್ನಲಾರೆ. ಅದೇ ಜುಲೈನಲ್ಲಿ ನ್ಯಾಶ್‌ವಿಲ್ಲಿನಲ್ಲಿ, ಕರಿಯರ ಸಂಘಟನೆ ಎನ್‌ಎಎಸಿಪಿಯ ಸಮಾವೇಶದಲ್ಲಿ, ಸಭಿಕರನ್ನು 'ನಿಮ್ಮ ಜನ' ಎಂದು ಕರೆದು ಆತ ಸಿಟ್ಟಿಗೆ ಗುರಿಯಾಗಿದ್ದ. ಮೀಸಲಾತಿಯ ಮಾತು ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ 'ನಿಮ್ಮವರು' ಅನ್ನಿಸಿಕೊಳ್ಳುವ ನನಗೆ ಆ ಸಿಟ್ಟಿಗೆ ಭಾಷ್ಯ ಬೇಕಿಲ್ಲ. 'ನಿಮ್ಮ' ಅನ್ನುವವನು ದೇಶವನ್ನು ಮೊದಲೇ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡಿರುತ್ತಾನೆ.

ಸ್ವಂತ ದುಡಿಮೆಯಿಂದ ಬೆಳೆದವನೆಂಬ ಕತೆಯೂ ಅರ್ಧದ್ದೇ. 1962ರಲ್ಲಿ ಆತ ಕಟ್ಟಿದ ಇಡಿಎಸ್ ಕಂಪನಿ ದೊಡ್ಡದಾದದ್ದರಲ್ಲಿ ಮುದುಕರ, ಬಡವರ ಚಿಕಿತ್ಸೆಗೆಂದು ಸರಕಾರ ನಡೆಸುವ ಮೆಡಿಕೇರ್, ಮೆಡಿಕೇಡ್ ಲೆಕ್ಕಪತ್ರದ ಗುತ್ತಿಗೆಗಳ ಪಾಲು ಸಣ್ಣದಲ್ಲ. ಸರಕಾರದ ದುಡ್ಡು ಉಳ್ಳವನಿಗೆ ಬಂದರೆ ಪ್ರತಿಭೆ, ಇಲ್ಲದವನಿಗೆ ಬಂದರೆ ಭಿಕ್ಷೆ. ಈ ವ್ಯಾಕರಣ ನಮಗೆ ಗೊತ್ತಿರುವುದೇ.

ಪೆರೋಗೆ ಶೇಕಡಾ 18.9 ವೋಟು ಬಿತ್ತು. ಹಾಕಿದವರ ಕೋಪ ಹುಸಿಯಲ್ಲ. ಆದರೆ ಮೇಷ್ಟ್ರಾಗಿ ಅಂಕ ಕೊಡುವುದಾದರೆ, ಮಾತಿನಲ್ಲಿ ಆತ ಪಾಸು. ಆ ಹೆಣ್ಣುಮಗಳ ಪ್ರಶ್ನೆಯಲ್ಲಿ ನಪಾಸು. ಪತ್ರಿಕೆಯಲ್ಲಿ ಬರೆಯಲೇಬೇಕಾಗಿದ್ದದ್ದು ಅದೊಂದೇ ಪ್ರಶ್ನೆ.