ತೊಡಕೆಂಬ ಸಣ್ಣ ಮಾತು

ಟೆರ್ರಿ ಗಿಲಿಯಮ್ ನಿರ್ದೇಶಿಸಿದ ‘ಬ್ರೆಜಿಲ್’ (1985) ಚಲನಚಿತ್ರದಲ್ಲಿ ಸಿರಿವಂತ ವೃದ್ಧೆಯರಿಬ್ಬರು ಯೌವನವನ್ನು ಮರಳಿ ಪಡೆಯಲು ಹೊರಡುತ್ತಾರೆ. ಮುಖದ ಚರ್ಮವನ್ನು ಬಿಗಿಗೊಳಿಸಿಕೊಂಡ ನಾಯಕನ ತಾಯಿ ದಿನೇ ದಿನೇ ತರುಣಿಯಾಗುತ್ತಾಳೆ. ಆಮ್ಲದ ಚಿಕಿತ್ಸೆಗೆ ಒಳಗಾದ ಗೆಳತಿ ಪ್ರತಿ ಭೇಟಿಯಲ್ಲೂ ಹೆಚ್ಚಿನ ಬ್ಯಾಂಡೇಜಿನೊಡನೆ ಬಂದು, ಎಲ್ಲವೂ ಬರಿಯ ತೊಡಕೆಂದು ಸಮಾಧಾನ ಹೇಳಿಕೊಳ್ಳುತ್ತಾಳೆ. ನೋವನ್ನು ಸಣ್ಣ ಮಾತಿನಲ್ಲಿ ಮುಚ್ಚುವ ಈ ಪರಿಯನ್ನು ಚಿತ್ರವು ಚೆನ್ನಾಗಿ ಹಿಡಿದಿದೆ.

ಆದರೆ ಅದರ ನಗೆಯು ಹೆಚ್ಚಾಗಿ ನೊಂದವಳ ಮೇಲೆಯೇ ಬೀಳುತ್ತದೆ. ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಯೂ ನಿರಪಾಯವಲ್ಲ. ಚರ್ಮದಡಿ ರಕ್ತ ಶೇಖರವಾಗುವುದು ಅದರ ಅತಿ ಸಾಮಾನ್ಯ ತೊಡಕು. ವಿರಳವಾಗಿ ಮುಖದ ನರಕ್ಕೂ ಪೆಟ್ಟಾಗುತ್ತದೆ. ಬಾವು ಇಳಿಯಲು ವಾರಗಳೇ ಬೇಕು. ಧೂಮಪಾನಿಗಳ ಗಾಯ ಮಾಯುವುದು ಇನ್ನೂ ಕಷ್ಟ. ಇದನ್ನೆಲ್ಲ ಮೊದಲೇ ತಿಳಿಸುವುದು ವೈದ್ಯಧರ್ಮ. ಸರಕಿನ ದೋಷವನ್ನು ಮರೆಮಾಚಿ ಮಾರಿದವನನ್ನು ಬಿಟ್ಟು ಕೊಂಡವಳನ್ನು ನೋಡಿ ನಗುವುದು ನ್ಯಾಯವಲ್ಲ.