ಬುಲ್‌ಬುಲ್ ಹಕ್ಕಿ ಮತ್ತು ಮೂರು ಅಂಕದ ಪ್ರಶ್ನೆ

2022ರ ಆಗಸ್ಟ್‌ನಲ್ಲಿ ಕರ್ನಾಟಕವೆಲ್ಲ ಒಂದು ಹಕ್ಕಿಯನ್ನು ನೋಡಿ ನಕ್ಕಿತು. ಎಂಟನೇ ತರಗತಿಯ ದ್ವಿತೀಯ ಭಾಷೆ ಕನ್ನಡ ಪುಸ್ತಕದಲ್ಲಿ, ಅಂಡಮಾನಿನ ಸೆರೆಕೋಣೆಯಿಂದ ಸಾವರ್ಕರ್ ಬುಲ್‌ಬುಲ್ ಹಕ್ಕಿಯ ರೆಕ್ಕೆಯೇರಿ ದಿನವೂ ತಾಯ್ನಾಡಿಗೆ ಬಂದು ಹೋಗುತ್ತಿದ್ದರು ಎಂಬ ಅರ್ಥದ ಮಾತಿತ್ತು. ಅದು ಕೆ.ಟಿ. ಗಟ್ಟಿಯವರ ಪ್ರವಾಸ ಬರಹ. ಜನ ಮೀಮ್ ಮಾಡಿದರು. ಪಠ್ಯ ಪರಿಷ್ಕರಿಸಿದವರು ಅದು ರೂಪಕ ಎಂದರು. ರೂಪಕವೇ ಇರಬಹುದು. ನಮ್ಮ ಕಾವ್ಯಗಳಲ್ಲಿ ಹಂಸ, ಗಿಳಿಗಳು ಸಂದೇಶ ಹೊತ್ತಿವೆ; ಬುಲ್‌ಬುಲ್ ಒಬ್ಬ ಕೈದಿಯನ್ನೇ ಹೊತ್ತರೆ ನನ್ನ ತಕರಾರಿಲ್ಲ. ಆದರೆ ಆ ನಗೆಯ ಗದ್ದಲದಲ್ಲಿ ಇನ್ನೊಂದು ಪಾಠ ಮರೆಗೆ ಸರಿಯಿತು.

ಅದು ಹತ್ತನೇ ತರಗತಿಯ ಪ್ರಥಮ ಭಾಷೆಯ ಪುಸ್ತಕದಲ್ಲಿತ್ತು. ಬಿಜೆಪಿ ಸರ್ಕಾರ ನೇಮಿಸಿದ ರೋಹಿತ್ ಚಕ್ರತೀರ್ಥರ ಸಮಿತಿ, ಆರೆಸ್ಸೆಸ್ ಸ್ಥಾಪಕ ಹೆಡಗೇವಾರರ ಭಾಷಣವನ್ನು ‘ನಿಜವಾದ ಆದರ್ಶ ಪುರುಷ ಯಾರಾಗಬೇಕು?’ ಎಂಬ ಹೆಸರಿನಲ್ಲಿ ಗದ್ಯಪಾಠವಾಗಿ ಸೇರಿಸಿತು. ಪಾಠದಲ್ಲಿ ಸಂಘದ ಮಾತೇ ಇಲ್ಲ, ಯುವಕರಿಗೆ ಯಾವುದು ಆದರ್ಶವಾಗಬೇಕು ಎಂಬುದಷ್ಟೇ ಇದೆ ಎಂದು ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ಸಮರ್ಥಿಸಿಕೊಂಡರು.

ಎಸ್ಸೆಸ್ಸೆಲ್ಸಿ ಬರೆದವರಿಗೆ ಈ ಸಮರ್ಥನೆಯ ಪೊಳ್ಳುತನ ಗೊತ್ತು. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಸಾಹಿತಿಗಳ ಸ್ಥಳ, ಕಾಲ, ಕೃತಿ, ಪ್ರಶಸ್ತಿಗಳನ್ನು ವಾಕ್ಯರೂಪದಲ್ಲಿ ಬರೆಯಿರಿ ಎಂಬ ಮೂರು ಅಂಕದ ಪ್ರಶ್ನೆಯೊಂದಿದೆ. ಪಾಠದ ಒಳಗೆ ಏನೇ ಇರಲಿ, ಬರೆದವರ ಪರಿಚಯವನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ. ಕುವೆಂಪು, ಬೇಂದ್ರೆಯವರ ಸಾಲಿಗೆ ನಾಗಪುರದ ಒಬ್ಬ ಸಂಘಟಕರ ಹೆಸರು ಸೇರಿದ್ದು ಹೀಗೆ. ಅವರು ಕನ್ನಡದ ಲೇಖಕರಲ್ಲ. ಪಾಠವೂ ಮಾತೃಭಾಷೆಯ ಪುಸ್ತಕಕ್ಕೆಂದು ತಂದ ಅನುವಾದ. ಸಂಘದ ಜೊತೆಗಿನ ನಂಟನ್ನು ಬಿಜೆಪಿ ಯಾವತ್ತೂ ಮುಚ್ಚಿಟ್ಟಿಲ್ಲ, ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತದೆ. ಅದು ಪಕ್ಷದ ಮನೆಯ ವಿಚಾರ. ಆದರೆ ಆ ಗುರುದಕ್ಷಿಣೆಯನ್ನು ಮಕ್ಕಳ ಪುಸ್ತಕದಿಂದ ತೆತ್ತದ್ದು ಸರ್ಕಾರದ ವಿಚಾರ. ದೇವನೂರ ಮಹಾದೇವ ಅದೇ ಪುಸ್ತಕದಿಂದ ತಮ್ಮ ಪಾಠಕ್ಕೆ ಕೊಟ್ಟ ಅನುಮತಿಯನ್ನು ಹಿಂಪಡೆದರು; ಅದೇ ವರ್ಷ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಬಂತು.

2023ರಲ್ಲಿ ಹೆಡಗೇವಾರರ ಪಾಠ ತೆಗೆದಾಗ ಆ ಜಾಗಕ್ಕೆ ಮರಳಿದ್ದು ಶಿವಕೋಟ್ಯಾಚಾರ್ಯರ ‘ಸುಕುಮಾರಸ್ವಾಮಿಯ ಕಥೆ’. ವಡ್ಡಾರಾಧನೆಯದ್ದು, ರಾಷ್ಟ್ರಕೂಟರ ಕಾಲದ ಗದ್ಯ ಎಂಬುದು ಬಹಳ ವಿದ್ವಾಂಸರ ಮಾತು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವುದು ನಮ್ಮ ಐನಾಪುರದ ನೆರೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ದಂಡೆಯ ಮೇಲೆ. ಹಾಗಾಗಿ ನನಗೆ ಸ್ವಲ್ಪ ಊರಿನ ಅಭಿಮಾನವೂ ಇದೆ ಅನ್ನಿ. ಆದರೆ ಮಾತು ಅಭಿಮಾನದ್ದಲ್ಲ. ಸುಕುಮಾರನ ಕಥೆಯೂ ಆದರ್ಶ ಪುರುಷ ಯಾರೆಂದೇ ಕೇಳುತ್ತದೆ. ದೀಪದ ಬೆಳಕಿಗೂ ಕಣ್ಣೀರು ಬರುವಷ್ಟು ಮೆತ್ತಗಿನ ಹುಡುಗ ಎಲ್ಲ ಬಿಟ್ಟು ತಪಸ್ಸಿಗೆ ಹೋಗುತ್ತಾನೆ, ನರಿ ಅವನ ಮೈಯನ್ನು ತಿನ್ನುತ್ತದೆ, ಅವನು ಅಲುಗುವುದಿಲ್ಲ. ಇದು ಸರಿಯೇ, ಹೀಗೆ ಸಾಯಬೇಕೇ ಎಂದು ಹದಿನೈದರ ಹುಡುಗಿಯೊಬ್ಬಳು ಎದ್ದು ಕೇಳಬಹುದು. ಮೇಷ್ಟ್ರು ತಡವರಿಸಬಹುದು. ಭಾಷಣಕ್ಕೆ ಇಂಥ ಬಿರುಕಿಲ್ಲ, ಅದು ಉತ್ತರವನ್ನು ಕೈಯಲ್ಲಿ ಹಿಡಿದೇ ಬರುತ್ತದೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಆ ಸರ್ಕಾರದ ಮೇಲೆ ನನಗಿರುವ ಮುಖ್ಯ ದೂರು ಇದು: ಕಥೆ ಇದ್ದ ಕಡೆ ಅದು ಬೋಧನೆಯನ್ನು ಕೂರಿಸಿತು.

ಇದೇ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕಲಬುರಗಿ ಸೇರಿ ನಮ್ಮ ಕಡೆಯ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಿತ್ತು. ಕೆಲವು ಮಠಾಧೀಶರು ವಿರೋಧಿಸಿದರೂ ನಿಲ್ಲಿಸಲಿಲ್ಲ. ಅಪೌಷ್ಟಿಕತೆಯ ಲೆಕ್ಕ ಎದುರಿಗಿತ್ತು, ಲೆಕ್ಕ ನೋಡಿ ನಡೆದುಕೊಂಡಿತು. ಮರುವರ್ಷ ರಾಷ್ಟ್ರೀಯ ಶಿಕ್ಷಣ ನೀತಿಗೆ ರಾಜ್ಯದಿಂದ ಹೋದ ಒಂದು ವರದಿ ಮೊಟ್ಟೆಯಿಂದ ಜೀವನಶೈಲಿಯ ಕಾಯಿಲೆ ಬರುತ್ತದೆ ಎಂದಿತು! ಮೊಟ್ಟೆ ಕೊಟ್ಟ ಕೈ ಪರವಾಗಿಲ್ಲ. ವರದಿ ಮತ್ತು ಪಠ್ಯ ಬರೆಸಿದ ಕೈ ಬೇರೆ ಯಾರದೋ ಮಾತು ಕೇಳುತ್ತಿತ್ತು.

2023ರ ಜೂನ್ 15ರಂದು ಸಿದ್ದರಾಮಯ್ಯ ಸಂಪುಟ ಹೆಡಗೇವಾರ್, ಸಾವರ್ಕರ್ ಪಾಠಗಳನ್ನು ಕೈಬಿಡಲು ತೀರ್ಮಾನಿಸಿತು. ತೀರ್ಮಾನ ನನಗೆ ಒಪ್ಪಿಗೆ. ಕನ್ನಡ ಪಾಠ ಯಾವುದೆಂದು ಮಂತ್ರಿಮಂಡಲ ಕೂತು ನಿರ್ಧರಿಸುವ ರೂಢಿ ಒಪ್ಪಿಗೆಯಿಲ್ಲ. ಪುಸ್ತಕಗಳು ಆಗಲೇ ಶಾಲೆ ಸೇರಿದ್ದರಿಂದ ಸುಕುಮಾರಸ್ವಾಮಿ ಒಂದು ತೆಳ್ಳನೆಯ ಪೂರಕ ಹೊತ್ತಿಗೆಯಲ್ಲಿ ಬಂದ. ಮುಖ್ಯ ಪುಸ್ತಕದಲ್ಲಿ ಆ ವರ್ಷವೂ ಭಾಷಣ ಅಚ್ಚಾದ ಜಾಗದಲ್ಲೇ ಇತ್ತು, ಬೋಧಿಸಬೇಡಿ, ಪರೀಕ್ಷೆಗೆ ಕೇಳಬೇಡಿ ಎಂಬ ಆದೇಶದೊಂದಿಗೆ.